ಬಸ್ಸು ಆಗದ ಚಿಕ್ಕಮ್ಮ

ನಮ್ಮ ಚಿಕ್ಕಪ್ಪ ಬಸ್ ಡ್ರೈವರ್. ನಮ್ಮ ಚಿಕ್ಕಮ್ಮನಿಗೆ ಬಸ್ಸು ಆಗುವುದಿಲ್ಲ. ಈ ಎರಡು ಮಾತು ಹೇಳಿದರೆ ಅವರ ಸಂಸಾರದ ಮುಕ್ಕಾಲು ಪಾಲು ಜಗಳ ಹೇಳಿ ಮುಗಿಸಿದ ಹಾಗೆ. ಬಸ್ಸು ಮೊದಲ ತಿರುವು ತಿರುಗುವಷ್ಟರಲ್ಲಿ ಅವಳ ಹೊಟ್ಟೆ ತೊಳಸಲು ಶುರು, ಎರಡನೆಯದಕ್ಕೆ ತಲೆ ಕಿಟಕಿಯಿಂದ ಹೊರಗೆ. ಕಾರು, ರೈಲು, ದೋಣಿ, ಎಲ್ಲದರಲ್ಲೂ ಇದೇ ಕಥೆ. ಮದುವೆಯಾದ ಹೊಸದರಲ್ಲಿ ಚಿಕ್ಕಪ್ಪ ಆಸೆಪಟ್ಟು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟರಂತೆ. ಅವತ್ತು ತಮ್ಮ ಇಸ್ತ್ರಿ ಅಂಗಿಯ ಬೆನ್ನು ಏನಾಯಿತೆಂದು ಇವತ್ತಿಗೂ ಕೇಳಿದವರಿಗೆಲ್ಲ ಹೇಳುತ್ತಾರೆ. ಕೇಳದವರಿಗೂ ಹೇಳುತ್ತಾರೆ.

ಮೂವತ್ತು ವರ್ಷ ಒಂದು ಗೀರೂ ಬೀಳದಂತೆ ಬಸ್ ಓಡಿಸಿದ ಮನುಷ್ಯನಿಗೆ ಸ್ವಂತ ಮನೆಯಲ್ಲಿ ಸಿಕ್ಕ ಮರ್ಯಾದೆ ಇದು.

"ನನ್ ಬಸ್ಸಲ್ಲಿ ಕೈಗೂಸುಗಳು ಗಾಢವಾಗಿ ನಿದ್ದೆ ಮಾಡ್ತವೆ, ಗೊತ್ತಾ?" ಅನ್ನುತ್ತಿದ್ದರು.

"ಮಾಡ್ಲಿ ಬಿಡಿ. ಪಾಪ, ಅವಕ್ಕೇನು ಗೊತ್ತಾಗುತ್ತೆ" ಅನ್ನುತ್ತಿದ್ದಳು ಚಿಕ್ಕಮ್ಮ.

ಹೀಗಾಗಿ ಅವಳ ಲೋಕ ಕಾಲ್ನಡಿಗೆಯಷ್ಟೇ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಒರಗಿದಂತೆ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ. ಬೀದಿಯವರ ಉದ್ದದ ಪ್ಯಾಂಟುಗಳನ್ನು ಗಿಡ್ಡ ಮಾಡುವುದು, ಕಿತ್ತುಹೋದ ಜಿಪ್ಪು ಬದಲಿಸುವುದು, ಪರದೆಗಳ ಅಂಚು ಮಡಚಿ ಹೊಲಿಯುವುದು ಅವಳ ಕೆಲಸ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ. ಆ ಊರಿನ ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿದಾಗ ಅವಳ ಮನೆಯಲ್ಲೇ ಉಳಿದುಕೊಂಡೆ. ಸೂಜಿ ಕಚ್ಚಿಕೊಂಡು ಬೈದರೆ ಏನು ಬೈದಳೆಂದು ಗೊತ್ತಾಗದು, ಅದೊಂದು ಅನುಕೂಲ.

ಅವಳ ಅಕ್ಕನೇ ನನ್ನ ಅಮ್ಮ. ಅಮ್ಮನ ಮನೆ ಚಿಕ್ಕಪ್ಪ ಬಸ್ ಓಡಿಸುತ್ತಿದ್ದ ರಸ್ತೆಯ ಇನ್ನೊಂದು ತುದಿಯ ಊರಲ್ಲಿ. ತಂಗಿಗೆ ಬಸ್ಸು ಆಗದ್ದರಿಂದ ಅಕ್ಕನೇ ತಿಂಗಳಿಗೊಮ್ಮೆ ಚಿಕ್ಕಪ್ಪನ ಬಸ್ಸಿನಲ್ಲಿ, ಅವರ ಸೀಟಿನ ಹಿಂದೆಯೇ ಕೂತು ಬರುತ್ತಿದ್ದಳು. ಬಂದರೆ ಎರಡು ದಿನ ಆ ಮನೆಯಲ್ಲಿ ಬೇರೆಯವರ ಮಾತಿಗೆ ಜಾಗವೇ ಇರುತ್ತಿರಲಿಲ್ಲ.

ಅಂಥ ಅಮ್ಮ ಹೋದ ವರ್ಷ ಬಾಗಿಲು ತೊಳೆಯುವಾಗ ತನ್ನ ಮನೆಯ ಹೊಸ್ತಿಲ ಮೇಲೇ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಮೂಳೆ ಕೂಡಿತು. ಇನ್ನು ಓಡಾಡಿ ಎಂದರು ಡಾಕ್ಟರು. ಅಮ್ಮ ವಾಕರ್ ಹಿಡಿದು ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕಿಟಕಿಗೆ ಓಡಾಡಿದಳು. ಹೊಸ್ತಿಲ ಹತ್ತಿರ ಹೋದರೆ ಮಾತ್ರ ವಾಕರ್ ತಿರುಗಿಸಿ ಹಿಂದಕ್ಕೆ ಬರುತ್ತಿದ್ದಳು. ನಾನು ವಾರವಾರ ಹೋಗಿ ಗೋಗರೆದೆ, ರೇಗಿದೆ, ಅತ್ತೂ ನೋಡಿದೆ. ಬಿದ್ದ ಮೇಲೆ ಅವಳು ಮನೆಯಿಂದ ಆಚೆ ಕಾಲಿಟ್ಟಿರಲಿಲ್ಲ. ನನ್ನ ಅಮ್ಮ ಹೀಗೇ ಕಿಟಕಿ ಪಕ್ಕ ಮುದುಡಿಹೋಗುತ್ತಾಳೇನೋ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ದಿನಾ ಸಂಜೆ ಅಕ್ಕತಂಗಿಯರ ಫೋನ್ ಇರುತ್ತಿತ್ತು. ಒಂದು ಸಂಜೆ ಚಿಕ್ಕಮ್ಮ ಇಡೀ ಹೊತ್ತು ಉಪದೇಶ ಮಾಡಿದಳು. ಅಮ್ಮನಿಗೆ ಸಾಕಾಗಿ ಹೋಯಿತು.

"ನೋಡು ಪುಟ್ಟಿ, ಅಲ್ಲಿ ಕೂತ್ಕೊಂಡು ಹೇಳೋದು ಸುಲಭ. ನೀನು ನನ್ನ ಬಾಗ್ಲಿಗೆ ಬಾ, ನಾನು ಹೊಸ್ತಿಲು ದಾಟ್ತೀನಿ."

ಬರಲಾರಳೆಂದು ಗೊತ್ತಿದ್ದೇ ಹೇಳಿದ ಮಾತು. ಚಿಕ್ಕಮ್ಮ ಫೋನ್ ಇಟ್ಟವಳು ರಾತ್ರಿ ಬಹಳ ಹೊತ್ತಿನ ತನಕ ಮೆಷಿನ್ ತುಳಿಯುತ್ತ ಕೂತಳು.

ಇಷ್ಟರಲ್ಲಿ ಚಿಕ್ಕಪ್ಪ ನಿವೃತ್ತರಾಗಿದ್ದರು. ಊರಾಚೆ ಹೊಸ ಹೆದ್ದಾರಿ ಬಂದು ಬಸ್ಸು, ಲಾರಿಗಳೆಲ್ಲ ಆ ಕಡೆ ತಿರುಗಿದ್ದವು. ಹಳೇ ರಸ್ತೆ ಖಾಲಿ ಬಿದ್ದಿತ್ತು. ಡಾಂಬರಿನ ಸೀಳುಗಳಲ್ಲಿ ಹುಲ್ಲು ಹುಟ್ಟಿತ್ತು. ಮನೆಯಲ್ಲಿ ಕೂರಲಾಗದ ಚಿಕ್ಕಪ್ಪ ಬೆಳಗಿನ ಬಸ್ಸು ಹೊರಡುತ್ತಿದ್ದ ಹೊತ್ತಿಗೆ ಸರಿಯಾಗಿ ಸೈಕಲ್ ಹತ್ತಿ ಆ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿಬರುತ್ತಿದ್ದರು. ಬರೀ ಹೋಗಿಬಂದರೆ ನಾನೇಕೆ ಬರೆಯಲಿ? ಹಳೆಯ ಸ್ಟಾಪುಗಳಲ್ಲೆಲ್ಲ ನಿಲ್ಲಿಸುತ್ತಿದ್ದರು. ಹತ್ತುವವರಿಲ್ಲ, ಇಳಿಯುವವರಿಲ್ಲ, ಆದರೂ ಒಂದು ಕಾಲು ನೆಲಕ್ಕೆ ಊರಿ ನಿಂತು, ಆಮೇಲೆ ತಮಗೆ ತಾವೇ "ರೈಟ್" ಅಂದುಕೊಂಡು ಹೊರಡುತ್ತಿದ್ದರು. ಇದನ್ನು ಕಣ್ಣಾರೆ ಕಂಡ ಹಾಲಿನವನು ಊರೆಲ್ಲ ಹೇಳಿಕೊಂಡು ಬಂದಿದ್ದ.

ಅಮ್ಮ ಸವಾಲು ಹಾಕಿದ ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಬಾಯಿಂದ ಸೂಜಿಗಳನ್ನು ತೆಗೆದಿಟ್ಟು, "ರೀ, ನಂಗೆ ಸೈಕಲ್ ಕಲಿಸಿ" ಅಂದಳು.

"ಮತ್ತೆ ನನ್ ಅಂಗಿ ಹಾಳು ಮಾಡ್ಬೇಕಾ?"

"ಹಿಂದೆ ಕೂರಲ್ಲ. ನಾನೇ ತುಳೀತೀನಿ."

ಚಿಕ್ಕಪ್ಪನಿಗೆ ಕಲಿಸಲು ಬರುತ್ತಿದ್ದುದು ಬಸ್ಸು ಓಡಿಸುವುದೊಂದೇ. ಹಾಗಾಗಿ ಬಸ್ಸನ್ನೇ ಕಲಿಸಿದರು. ನನ್ನ ಪ್ಯಾಂಟು ತೊಟ್ಟು ನಿಂತವಳಿಗೆ ಮೊದಲು ಕನ್ನಡಿ ನೋಡಬೇಕು ಎಂದರು. ಸೈಕಲ್ಲಿಗೆ ಕನ್ನಡಿಯೇ ಇರಲಿಲ್ಲ. ತಿರುವಿನಲ್ಲಿ ಎಷ್ಟು ಅಗಲ ಬಳಸಿ ತಿರುಗಿಸಿದರೆಂದರೆ ಅವಳು ಎರಡು ಸಲ ಚರಂಡಿಗೆ ಇಳಿದಳು. ಕಾಲಿನ ಬಗ್ಗೆ ಮಾತ್ರ ಎರಡು ಮಾತಿಲ್ಲ. ಜೀವನವಿಡೀ ಮೆಷಿನ್ ತುಳಿದ ಕಾಲು ದಣಿವೆಂಬುದನ್ನೇ ಅರಿಯದು. ಹತ್ತುವುದು, ಇಳಿಯುವುದು, ನೇರ ನೋಡುವುದು ಕಲಿತರೆ ಸಾಕಿತ್ತು. ಮೊಣಕೈ ಚರ್ಮ ಒಂದಷ್ಟು ಹೋದ ಮೇಲೆ ಅದೂ ಬಂತು.

ಒಂದು ಭಾನುವಾರ ಬೆಳಿಗ್ಗೆ ಇನ್ನೆರಡು ಸೈಕಲ್ ಬಾಡಿಗೆಗೆ ತಂದು ಮೂವರೂ ಹೊರಟೆವು. ಅಮ್ಮನಿಗೆ ಸುಳಿವು ಕೊಟ್ಟಿರಲಿಲ್ಲ. ನಡುದಾರಿಯಲ್ಲಿ ವಾಪಸಾದರೆ ಅವಳು ಇನ್ನಷ್ಟು ಕುಗ್ಗಬಾರದೆಂದು ಚಿಕ್ಕಮ್ಮನೇ ಹಾಗೆ ಕಟ್ಟುಮಾಡಿದ್ದಳು. ಚಿಕ್ಕಪ್ಪ ಮುಂದೆ, ಚಿಕ್ಕಮ್ಮ ನಡುವೆ, ನಾನು ಹಿಂದೆ.

"ನೀನು ಕಂಡಕ್ಟರ್. ಪ್ರತಿ ಸ್ಟಾಪಲ್ಲೂ ಹಿಂದಿಂದ ರೈಟ್ ಅನ್ಬೇಕು. ಅನ್ದೇ ಇದ್ರೆ ನಾನು ಕದಲಲ್ಲ" ಎಂದರು ಚಿಕ್ಕಪ್ಪ ಚಿಕ್ಕಮ್ಮನಿಗೆ.

"ನೀವು ತಿರುಗಿ ನೋಡಿದ್ರೆ ಆಗಲ್ವಾ?"

"ಡ್ರೈವರ್ ತಿರುಗಿ ನೋಡಲ್ಲ."

ಆ ರಸ್ತೆಯಷ್ಟು ಸುಖದ ರಸ್ತೆಯನ್ನು ನಾನು ಕಂಡಿಲ್ಲ. ವಾರವಾರ ಹೆದ್ದಾರಿಯ ಬಸ್ಸಿನಲ್ಲಿ ಕಣ್ಣುಮುಚ್ಚಿ ಹೋಗುತ್ತಿದ್ದ ನನ್ನನ್ನು ನಾನೇ ಬೈದುಕೊಂಡೆ. ಎರಡೂ ಬದಿ ಮರಗಳು ಮೇಲೆ ಕೈ ಕೂಡಿಸಿದ್ದವು. ನಮ್ಮ ಟೈರುಗಳ ಸದ್ದು ಬಿಟ್ಟರೆ ಹಕ್ಕಿಗಳದ್ದೇ ಗಲಾಟೆ. ಎದುರಿಗೆ ಸಿಕ್ಕಿದ್ದು ಒಂದು ಟ್ರ್ಯಾಕ್ಟರು, ಆಮೇಲೆ ರಸ್ತೆಯ ನಟ್ಟನಡುವೆ ಮಲಗಿದ್ದ ಒಂದು ನಾಯಿ. ಚಿಕ್ಕಪ್ಪ ಬೆಲ್ ಹೊಡೆದರು. ನಾಯಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು. ಇಡೀ ರಸ್ತೆ ಖಾಲಿಯಿದ್ದರೂ ಚಿಕ್ಕಪ್ಪ ಕೈ ಚಾಚಿ ಸಿಗ್ನಲ್ ತೋರಿಸಿ ಅದನ್ನು ಬಳಸಿ ಹೋದರು.

"ರೀ, ಇಲ್ಲೊಂದು ಕೆರೆ ಇದೆ ಅಂತ ನೀವು ಹೇಳೇ ಇಲ್ವಲ್ಲ?" ಎಂದು ಚಿಕ್ಕಮ್ಮ ಕೂಗಿದಳು.

"ಕೆರೇನಾ? ಎಲ್ಲಿ? ಇಲ್ಲಿರೋದು ಮುಂದೆ ಕಾಣದಿರೋ ತಿರುವು ಒಂದೇ."

ಮೂವತ್ತು ವರ್ಷ ಅದರ ದಂಡೆಯ ಮೇಲೇ ಬಸ್ ಓಡಿಸಿದ್ದರು. ಚಿಕ್ಕಮ್ಮ ನಕ್ಕು ನಕ್ಕು ಹ್ಯಾಂಡಲ್ ಅಲುಗಾಡಿಸಿದಳು. ಪ್ರತಿ ಸ್ಟಾಪಿನಲ್ಲೂ ಅವಳ "ರೈಟ್" ಜೋರಾಗುತ್ತ ಹೋಯಿತು.

ಆಮೇಲೆ ಇಳಿಜಾರು ಬಂತು. ಉದ್ದದ ಇಳಿಜಾರು, ಕೊನೆಯಲ್ಲೊಂದು ತಿರುವು, ತಿರುವಿನ ಈಚೆ ಪಾಳುಬಿದ್ದ ಬಸ್ ನಿಲ್ದಾಣ. ಚಿಕ್ಕಪ್ಪ ಸೊಯ್ಯನೆ ಇಳಿದುಹೋಗಿ ಅಲ್ಲಿ ನಿಂತರು. ಚಿಕ್ಕಮ್ಮ ಮೇಲೆಯೇ ಇಳಿದು ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು.

"ನೋಡಿದ್ರೇನೇ ಹೊಟ್ಟೆ ತೊಳಸ್ತಿದೆ ಕಣೆ. ವಾಪಸ್ ಹೋಗೋಣ. ಅಕ್ಕನಿಗೆ ಹೇಗೂ ಗೊತ್ತಿಲ್ಲ."

ಕಿಟಕಿ ಪಕ್ಕದ ಅಮ್ಮನ ಕುರ್ಚಿ ಕಣ್ಣ ಮುಂದೆ ಬಂತು. ರಸ್ತೆ ಪಕ್ಕದ ಕಲ್ಲಿನ ಮೇಲೆ ಇಬ್ಬರೂ ಕೂತೆವು. ನೀರು ಕುಡಿದೆವು. ಬಾಳೆಹಣ್ಣು ತಿಂದೆವು. ಕೆಳಗೆ ಚಿಕ್ಕಪ್ಪ ಒಂದು ಕಾಲು ನೆಲಕ್ಕೆ ಊರಿ, ನಮಗೆ ಬೆನ್ನು ಮಾಡಿ, ನಿಂತ ಹಾಗೇ ನಿಂತಿದ್ದರು. ಹೆಂಡತಿ ಎಲ್ಲಿ, ಬಿದ್ದಳೋ ಎದ್ದಳೋ, ಒಂದು ಸಲ ತಿರುಗಿ ನೋಡಬಾರದೇ ಈ ಮನುಷ್ಯ ಎಂದು ನನಗೆ ಮೈಯೆಲ್ಲ ಉರಿಯಿತು.

ಚಿಕ್ಕಮ್ಮನೂ ಆ ಬೆನ್ನನ್ನೇ ನೋಡುತ್ತಿದ್ದಳು.

"ನಾನು ರೈಟ್ ಅನ್ನೋ ತನಕ ಹೋಗಲ್ವಾ ಅವ್ರು?"

"ಹೋಗಲ್ಲ."

"ಕತ್ತಲಾದ್ರೂ?"

"ಕತ್ತಲಾದ್ರೂ ನಿಂತಿರ್ತಾರೆ ಚಿಕ್ಕಮ್ಮ. ಅವ್ರು ನಿನ್ನ ನಂಬ್ಕೊಂಡು ನಿಂತಿರೋದು."

ಹೇಳಿದ ಮೇಲೆ ಅದು ನಿಜವೆಂದು ನನಗೇ ಹೊಳೆಯಿತು. ಸಿಟ್ಟು ಇಳಿದುಹೋಗಿ ಆ ಬೋಳುತಲೆಯ ಮೇಲೆ ಪ್ರೀತಿ ಉಕ್ಕಿತು. ಚಿಕ್ಕಮ್ಮ ಎದ್ದಳು, ಪ್ಯಾಂಟಿನ ಧೂಳು ಕೊಡವಿಕೊಂಡಳು, ಸೈಕಲ್ ಹತ್ತಿದಳು. ಎರಡೂ ಬ್ರೇಕು ಬಿಗಿಹಿಡಿದು ಕಿರ್ರ್ ಎನ್ನಿಸುತ್ತ ಅರ್ಧ ಇಳಿಜಾರು ಇಳಿದಳು. ಅಲ್ಲಿ ಏನೆನ್ನಿಸಿತೋ, ಬ್ರೇಕು ಬಿಟ್ಟಳು. ಚಿಕ್ಕಮ್ಮ ಮುಂದಕ್ಕೆ ಬಾಗಿ ಸೊಯ್ಯನೆ ಹೋಗಿ, ನಿಂತಿದ್ದ ಚಿಕ್ಕಪ್ಪನ ಪಕ್ಕದಲ್ಲೇ "ರೈಟ್" ಎಂದು ಕೂಗುತ್ತ ಹಾದು ತಿರುವಿನಲ್ಲಿ ಮಾಯವಾದಳು.

"ಬಸ್ ಬಿಟ್ಟು ಕಂಡಕ್ಟರ್ ಮುಂದೆ ಹೋಗೋದು ಎಲ್ಲಾದ್ರೂ ಇದೆಯಾ?" ಎನ್ನುತ್ತ ಚಿಕ್ಕಪ್ಪ ಅವಳ ಬೆನ್ನು ಹತ್ತಿದರು.

ತಿರುವಿನಾಚೆ ಅವಳು ಮರಕ್ಕೆ ಒರಗಿ ಏದುಸಿರು ಬಿಡುತ್ತಿದ್ದಳು. ಹೊಟ್ಟೆ ಹೇಗಿದೆ ಎಂದು ಕೇಳಿದೆ. ಆಗಲೇ ನೆನಪಾದವಳಂತೆ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡಳು.

"ಸುಮ್ನಿದೆ ಕಣೆ. ಹ್ಯಾಂಡಲ್ ನನ್ ಕೈಯಲ್ಲಿದ್ರೆ ಸುಮ್ನಿರುತ್ತೆ. ಇದನ್ನ ಮೊದ್ಲೇ ಯಾರಾದ್ರೂ ಹೇಳಬಾರ್ದಿತ್ತಾ?"

ಊಟದ ಹೊತ್ತಿಗೆ ಅಮ್ಮನ ಮನೆ ಮುಟ್ಟಿದೆವು. ನಾನು ಗೇಟು ಪೂರ್ತಿ ತೆಗೆದೆ. ಚಿಕ್ಕಮ್ಮ ಅಂಗಳಕ್ಕೆ ಬಂದು ಸೈಕಲ್ ನಿಲ್ಲಿಸಿ ಹೊಸ್ತಿಲ ಆಚೆಗೇ ನಿಂತಳು. ಒಳಗೆ ಕಿಟಕಿ ಪಕ್ಕ ಕೂತಿದ್ದ ಅಮ್ಮ ಮೊದಲು ಪ್ಯಾಂಟನ್ನು ನೋಡಿದಳು, ಆಮೇಲೆ ಮುಖವನ್ನು.

"ಪುಟ್ಟಿ?"

"ಬಾಗ್ಲಿಗೆ ಬಂದಿದ್ದೀನಿ ಅಕ್ಕ. ಈಗ ನಿನ್ ಸರದಿ."

ಅಮ್ಮ ವಾಕರ್ ಹಿಡಿದು ಎದ್ದಳು. ಟಕ್, ಟಕ್ ಎಂದು ಹೊಸ್ತಿಲ ತನಕ ಬಂದಳು. ಅಲ್ಲಿ ನಿಂತುಬಿಟ್ಟಳು. ಹಿಡಿದುಕೊಳ್ಳಲು ನಾನು ಮುಂದಾದೆ. ಚಿಕ್ಕಮ್ಮ ಕಣ್ಣಲ್ಲೇ ನನ್ನನ್ನು ತಡೆದಳು.

"ಆಗಲ್ಲ ಕಣೆ" ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು.

"ಆತುರ ಏನಿಲ್ಲ. ನಾನು ನಿಂತಿರ್ತೀನಿ. ಕತ್ತಲಾದ್ರೂ ನಿಂತಿರ್ತೀನಿ."

ಅಮ್ಮ ಹೊಸ್ತಿಲು ನೋಡಿದಳು, ತಂಗಿಯನ್ನು ನೋಡಿದಳು. ತಂಗಿಯ ಮೊಣಕೈಯ ಗಾಯ ನೋಡಿದಳು. ವಾಕರ್ ಎತ್ತಿ ಹೊಸ್ತಿಲ ಆಚೆ ಇಟ್ಟಳು. ಕಾಲು ಮಾತ್ರ ಈಚೆಯೇ ಉಳಿಯಿತು. ಆಗ ಚಿಕ್ಕಮ್ಮ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, "ರೈಟ್" ಅಂದಳು.

ಅಮ್ಮನ ಒಂದು ಕಾಲು ಆಚೆ ಬಂತು. ಇನ್ನೊಂದೂ ಬಂತು. ಅದೇ ಹೊತ್ತಿಗೆ ನಮ್ಮ ಹಿಂದೆ ಧಡಾರನೆ ಸದ್ದಾಯಿತು. ಗೇಟಿನ ಹತ್ತಿರ ಸೈಕಲ್ ಮೇಲೆಯೇ ಕಾಲೂರಿ ನಿಂತಿದ್ದ ಚಿಕ್ಕಪ್ಪ "ರೈಟ್" ಕಿವಿಗೆ ಬಿದ್ದದ್ದೇ ತಡ, ಪೆಡಲ್ ತುಳಿದು ಸೀದಾ ಗೇಟಿನ ಕಂಬಕ್ಕೆ ಗುದ್ದಿದ್ದರು.

ಬಿಸಿಲಲ್ಲಿ ನಿಂತ ಅಮ್ಮ ಕಣ್ಣು ಕಿರಿದು ಮಾಡಿ ಅವರನ್ನು ನೋಡಿದಳು. ಒಂದು ಕೈ ತಂಗಿಯ ಭುಜದ ಮೇಲಿತ್ತು.

"ಅಯ್ಯೋ ಡ್ರೈವರ್ ಸಾಹೇಬ್ರೇ, ಇಷ್ಟು ವರ್ಷ ನಿಮ್ ಬಸ್ಸಲ್ಲಿ ನಾನು ಹೇಗೆ ಕೂತಿದ್ನಪ್ಪಾ?"

"ನಾನು ಅದಕ್ಕೇ ಕೂರ್ಲಿಲ್ಲ" ಎಂದಳು ಚಿಕ್ಕಮ್ಮ.