ಗರಗಸಕ್ಕೆ ಕೊಟ್ಟ ತೇಗದ ಮೇಜು

1995ರಲ್ಲಿ ಒಂದು ಮೇಜಿನ ಕಾಲು ಕೊಯ್ಯಿಸಲು ನನಗೆ ಖರ್ಚಾದದ್ದು ಆಚಾರಿಯ ಕೂಲಿ ಅರುವತ್ತು ರೂಪಾಯಿ, ಮೇಲೆ ಎರಡು ಚಹಾ. ಕೇಳಲು ಸಣ್ಣ ಮೊತ್ತ. ಆದರೆ ಕೊಯ್ಯುವ ಮೊದಲು ಆ ಮೇಜಿಗೆ ನಾಲ್ಕು ಸಾವಿರ ಕೊಡುತ್ತೇನೆಂದು ಗಿರಾಕಿಯೊಬ್ಬ ಎರಡು ಸಲ ಬಂದು ಹೋಗಿದ್ದ. ಕೊಯ್ದ ಮೇಲೆ ಅದನ್ನು ನಾನೂರಕ್ಕೂ ಯಾರೂ ಕೇಳುವ ಹಾಗಿರಲಿಲ್ಲ. ವ್ಯಾಪಾರದಲ್ಲಿ ಒಂದು ರೂಪಾಯಿ ಬಿಡಲು ಹಿಂದೆಮುಂದೆ ನೋಡುವ ನಾನು ಅಷ್ಟು ನಷ್ಟವನ್ನು ಕಣ್ಣೆದುರೇ ಮಾಡಿಕೊಂಡು ಆ ದಿನ ಸಂತೋಷದಿಂದ ಮನೆಗೆ ಹೋದೆ. ಏಕೆಂದು ಹೇಳುತ್ತೇನೆ.

ಉಪ್ಪಳದಲ್ಲಿ ನನ್ನದು ಹಳೆಯ ಸಾಮಾನಿನ ಅಂಗಡಿ. ಸೈಕಲ್ಲಿನ ಹಿಂದೆ ಗೋಣಿ ಕಟ್ಟಿಕೊಂಡು ಖಾಲಿ ಬಾಟ್ಲಿ, ಹಳೆ ಪೇಪರು ಹೆಕ್ಕುವಲ್ಲಿಂದ ಶುರು ಮಾಡಿದವನು. ಮತ್ತೆ ಕೆಡವುವ ಮನೆಗಳ ಬಾಗಿಲು, ಕಿಟಕಿ, ಮಂಚ, ಕಪಾಟುಗಳನ್ನು ತಂದು, ಉಜ್ಜಿ, ಪಾಲಿಶ್ ಹಾಕಿ ಮಾರಲು ಕಲಿತೆ. ಯಾರೂ ಕಲಿಸಿದ್ದಲ್ಲ. ಹೇಳಿದ ಬೆಲೆಗೆ ಒಪ್ಪಿ ಒಂದು ತೆಂಗಿನಕಾಯಿಯನ್ನೂ ನಾನು ತಂದದ್ದಿಲ್ಲ.

ನನ್ನ ತಂಗಿ ಕಮಲಳನ್ನು ಪೈವಳಿಕೆಗೆ ಕೊಟ್ಟದ್ದು. ಅವಳ ಮಗಳು ವಾರಿಜ. ಸಣ್ಣದಿರುವಾಗ ಪೋಲಿಯೋ ಬಂದು ಅವಳ ಎರಡೂ ಕಾಲುಗಳ ಶಕ್ತಿ ಹೋಯಿತು. ಹೊರಗೆ ಹೋಗುವುದಾದರೆ ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಸೈಕಲ್ಲು. ಒಳಗೆ ಕೈಯೂರಿ ನೆಲದಲ್ಲಿ ಸರಿದು, ಗೇಣೆತ್ತರದ ತನ್ನ ಮಣೆಯ ಮೇಲೆ ತಾನೇ ಏರಿ ಕೂರುತ್ತಾಳೆ. ಹತ್ತನೆಯದು ಪಾಸಾದ ಮೇಲೆ ಆ ಮಣೆಯ ಮೇಲೆಯೇ ಕೂತು ಬೀಡಿ ಕಟ್ಟುತ್ತಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನಮ್ಮ ಕುಟುಂಬದಲ್ಲಿ ಚೌಕಾಸಿಗೆ ನನ್ನ ಎದುರು ನಿಲ್ಲುವವಳು ಅವಳೊಬ್ಬಳೇ.

ಎಸ್‌ಟಿಡಿ ಬೂತು ಕೊಡುವಾಗ ಅಂಗವಿಕಲರಿಗೆ ಆದ್ಯತೆ ಉಂಟೆಂದು ರೇಡಿಯೋದಲ್ಲಿ ಕೇಳಿ, ಅರ್ಜಿ ಹಾಕಿದವಳು ಅವಳೇ. ಆಗ ಅವಳಿಗೆ ಇಪ್ಪತ್ತೊಂದು. ಪೈವಳಿಕೆಯ ಸುತ್ತಮುತ್ತ ಹೆಚ್ಚಿನ ಮನೆಗಳಲ್ಲಿ ಗಲ್ಫಿಗೆ ಹೋದವರಿದ್ದ ಕಾಲ ಅದು. ಮನೆಗಳಲ್ಲಿ ಫೋನು ಕಡಿಮೆ. ಬೂತು ಮಂಜೂರಾದ ಸುದ್ದಿ ಬಂದಾಗ ಇದು ನಡೆಯುವ ವ್ಯಾಪಾರ ಎಂದು ನನಗೆ ಕೂಡಲೇ ಗೊತ್ತಾಯಿತು. ಪೇಟೆಯಲ್ಲಿ ರಸ್ತೆಗೆ ಸಮವಾಗಿ, ಮೆಟ್ಟಿಲಿಲ್ಲದ ಕೋಣೆಯೊಂದನ್ನು ಹುಡುಕಿ ಬಾಡಿಗೆಯನ್ನೂ ನಾನೇ ಇಳಿಸಿ ಕೊಟ್ಟೆ.

ಆದರೆ ತಂಗಿಯ ಗಂಡ ಐತಪ್ಪ ಭಾವನ ಯೋಚನೆ ಬೇರೆಯಿತ್ತು.

"ಹೆಸರು ಇವಳದ್ದಿರಲಿ. ಕೂರುವುದು ದಿನೇಶ," ಎಂದರು. ದಿನೇಶ ವಾರಿಜಳ ತಮ್ಮ, ಪಿಯುಸಿ ಮುಗಿಸಿ ತಿರುಗುತ್ತಿದ್ದ ಹುಡುಗ.

"ಹೆಸರು ನನ್ನದಾದರೆ ಕೂರುವುದೂ ನಾನೇ," ಎಂದಳು ವಾರಿಜ.

"ಬರುವವರು ನೂರು ಜನ. ಒಬ್ಬ ದುಡ್ಡು ಕೊಡದೆ ಓಡಿದರೆ ನೀನು ಎಂತ ಮಾಡ್ತಿ?"

"ದಿನೇಶ ಓಡಿ ಹಿಡಿಯುತ್ತಾನಾ? ಬೆಳಿಗ್ಗೆ ಬಸ್ಸು ಹಿಡಿಯಲಿಕ್ಕೇ ಅವನಿಂದ ಆಗುವುದಿಲ್ಲ."

ಭಾವನಿಗೆ ನಗು ಬಂತು. ಆದರೆ ಪಟ್ಟು ಬಿಡಲಿಲ್ಲ. ಅವರು ಕೆಟ್ಟವರಲ್ಲ, ಮಗಳನ್ನು ಪೇಟೆಯ ನಡುವೆ ಒಬ್ಬಳೇ ಬಿಡಲು ಹೆದರಿದವರು. ಕೊನೆಗೆ ಒಂದು ಮಾತಿಗೆ ಬಂದರು. "ಶುರುವಿನ ದಿನ ಕೂತುಕೋ. ದಿನೇಶ ಜೊತೆಗಿರುತ್ತಾನೆ. ನಿನ್ನಿಂದ ಸುಧಾರಿಸಲಿಕ್ಕೆ ಆಗುವುದಿಲ್ಲ ಅಂತ ಕಂಡರೆ, ಮಾರನೆ ದಿನದಿಂದ ಅವನೇ. ಮತ್ತೆ ಕಣ್ಣೀರು ಹಾಕಬಾರದು."

"ಆಯಿತು," ಎಂದಳು ವಾರಿಜ.

ಬೂತಿಗೆ ಮೇಜು ನನ್ನ ಲೆಕ್ಕದ್ದು ಎಂದು ನಾನು ಮೊದಲೇ ಹೇಳಿದ್ದೆ. ಆ ಮೇಜಿನ ಕತೆ ಹೇಳದೆ ನನಗೆ ಮುಂದೆ ಹೋಗಲಾಗದು. ಮಂಗಳೂರಿನ ಬಂದರಿನ ಹತ್ತಿರ ಒಂದು ಹಳೆಯ ವ್ಯಾಪಾರದ ಮಂಡಿ ಕೆಡವುತ್ತಿದ್ದರು. ಹಿಂದೆ ಅಲ್ಲಿ ಗುಮಾಸ್ತರು ನಿಂತುಕೊಂಡೇ ಬರೆಯುತ್ತಿದ್ದ ತೇಗದ ಮೇಜು. ಎದೆಯ ಎತ್ತರ, ಕಾಲುಗಳಲ್ಲಿ ಬಳ್ಳಿಯ ಕೆತ್ತನೆ, ಹಿತ್ತಾಳೆಯ ಹಿಡಿ. ಜೊತೆಗೆ, ಕಾಲು ಸೋತಾಗ ಕೂರಲೆಂದು ಅದರ ಎತ್ತರಕ್ಕೆ ಸರಿಯಾದ ಕುರ್ಚಿ. ಮೂರು ಸಲ ಎದ್ದು ಹೋಗಿ, ಮೂರು ಸಲ ಅವರೇ ಕರೆದು, ಕೊನೆಗೆ ಒಂಬೈನೂರಕ್ಕೆ ಕುದುರಿಸಿದೆ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ವ್ಯಾಪಾರ ಮತ್ತೆ ಆಗಿಲ್ಲ. ಅದನ್ನು ಮಾರದೆ ವಾರಿಜಳಿಗೆಂದೇ ಇಟ್ಟೆ.

ಶುರುವಿನ ಹಿಂದಿನ ದಿನ ಟೆಂಪೋದಲ್ಲಿ ಪೈವಳಿಕೆಗೆ ಒಯ್ದು ಇಳಿಸಿದೆ. "ಇದು ಇವತ್ತಿನಿಂದ ನಿನ್ನದು ವಾರಿಜ. ಇಂಥ ಮೇಜು ಕಾಸರಗೋಡಿನ ದೊಡ್ಡ ವಕೀಲರ ಹತ್ತಿರವೂ ಇರಲಿಕ್ಕಿಲ್ಲ," ಎಂದೆ.

ಅವಳು ಮೇಜನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಚಂದ ಉಂಟು ಮಾವ," ಎಂದಳು, ಅಷ್ಟೆ. ನನ್ನ ಖುಷಿಯಲ್ಲಿ ನಾನು ಅವಳ ಮುಖ ನೋಡಲಿಲ್ಲ.

ಮಾರನೆ ದಿನ ಬೆಳಿಗ್ಗೆ ದೀಪ ಹಚ್ಚಿ, ತೆಂಗಿನಕಾಯಿ ಒಡೆದು, ಬಂದವರಿಗೆಲ್ಲ ಪಾನಕ ಕೊಟ್ಟು ಬೂತು ಶುರುವಾಯಿತು. ದಿನೇಶ ಅಕ್ಕನನ್ನು ಎತ್ತಿ ಆ ಎತ್ತರದ ಕುರ್ಚಿಯಲ್ಲಿ ಕೂರಿಸಿದ. ಕೂತದ್ದೇನೋ ಕೂತಳು. ಆದರೆ ಕಾಲೂರಲು ಬಲವಿಲ್ಲದ ಕಾರಣ ಬೀಳುವ ಹೆದರಿಕೆ. ಒಂದು ಕೈ ಯಾವಾಗಲೂ ಮೇಜಿನ ಅಂಚು ಹಿಡಿದುಕೊಂಡೇ ಇರಬೇಕು. ಉಳಿದ ಒಂದೇ ಕೈಯಲ್ಲಿ ನಂಬರು ಒತ್ತಬೇಕು, ಬಿಲ್ಲು ಹರಿಯಬೇಕು, ಚಿಲ್ಲರೆ ಎಣಿಸಬೇಕು. ಬಿಲ್ಲಿನ ಕಾಗದ ಎರಡು ಸಲ ಕೆಳಗೆ ಬಿತ್ತು. ಎರಡು ಸಲವೂ ದಿನೇಶ ಹೆಕ್ಕಿ ಕೊಟ್ಟ.

ಅವನು ಹಿಂದೆ ನಿಂತಿದ್ದಾನೆಂದ ಮೇಲೆ ಬಂದವರ ಮಾತೆಲ್ಲ ಅವನ ಹತ್ತಿರ. "ದಿನೇಶಾ, ಬೊಂಬಾಯಿಗೆ ಲೈನು ಸಿಗುತ್ತದಾ?" "ದಿನೇಶಾ, ಎಷ್ಟಾಯಿತು?" ಉತ್ತರ ಹೇಳುವವಳು ವಾರಿಜ, ದುಡ್ಡು ಹೋಗುವುದು ಅವಳ ತಲೆಯ ಮೇಲಿನಿಂದ ತಮ್ಮನ ಕೈಗೆ. ಹತ್ತು ಗಂಟೆಯ ಹೊತ್ತಿಗೆ ನಫೀಸಾ ಬಂದಳು. ಹತ್ತಿರದ ಮನೆಯವಳು, ಗಂಡ ದುಬೈಯಲ್ಲಿ. ಬಾಗಿಲಲ್ಲಿ ನಿಂತು ದಿನೇಶನನ್ನು ನೋಡಿದಳು, ಬೂತು ನೋಡಲು ಬಂದ ಅವನ ಇಬ್ಬರು ಗೆಳೆಯರನ್ನು ನೋಡಿದಳು, "ಮತ್ತೆ ಬರ್ತೇನೆ," ಎಂದು ಹೋದಳು. ಲೈನು ಖಾಲಿಯಿದ್ದರೂ ಏಕೆ ಹೋದಳೆಂದು ಆಗ ನನಗೆ ಅರ್ಥವಾಗಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಭಾವ ನನ್ನನ್ನು ಹೊರಗೆ ಕರೆದರು. "ಕಂಡಿರಲ್ಲ ಭಾವ. ಪಾಪ, ಅವಳಿಗೆ ಕಷ್ಟವೇ. ನಾಳೆಯಿಂದ ದಿನೇಶ ಕೂರಲಿ. ನೀವೇ ಒಮ್ಮೆ ಹೇಳಿ, ನಿಮ್ಮ ಮಾತು ಕೇಳ್ತಾಳೆ."

ಒಳಗೆ ಹೋದೆ. ಅವಳು ಕುರ್ಚಿಯಿಂದ ಇಳಿಸಿಕೊಂಡು ನೆಲದಲ್ಲಿ ತನ್ನ ಮಣೆಯ ಮೇಲೆ ಕೂತಿದ್ದಳು. ಮೇಜಿನ ಹಿಂದೆ ಅವಳು ಇದ್ದಾಳೆಂದೇ ಕಾಣುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು:

"ಮಾವ, ಈ ಮೇಜು ನನ್ನದಾ, ನಿಮ್ಮದಾ?"

"ನಿನ್ನದೇ. ನಿನ್ನೆಯೇ ಹೇಳಿದೆನಲ್ಲ."

"ಹಾಗಾದರೆ ಇದರ ಕಾಲು ಕೊಯ್ಯಿಸಿ ಕೊಡಿ."

"ಎಂತ ಮಾತಾಡ್ತಿ ಮಾರಾಯ್ತಿ. ಬರುವ ವಾರ ನಿನಗೆ ಬೇರೆ ಗಿಡ್ಡ ಮೇಜು ತಂದುಕೊಡ್ತೇನೆ."

"ಬರುವ ವಾರ ಯಾರಿಗೆ ಮೇಜು? ದಿನೇಶನಿಗೆ ಇದೇ ಎತ್ತರ ಸರಿ."

"ಕುರ್ಚಿಗೆ ಕೈ ಹಾಕಿಸುವ. ಒಂದು ಬೆಲ್ಟು ಕಟ್ಟುವ. ನೀನು ಬೀಳದ ಹಾಗೆ ಮಾಡುವ."

"ಬೀಳದ ಹಾಗೆ ಮಾಡಬಹುದು. ಹತ್ತಿಸಲಿಕ್ಕೆ, ಇಳಿಸಲಿಕ್ಕೆ ದಿನೇಶ ಬೇಕಲ್ಲ. ಅವನು ಇಡೀ ದಿನ ಇಲ್ಲೇ ಇದ್ದರೆ ಮತ್ತೆ ನಾನು ಯಾಕೆ?"

"ಇದರ ಬೆಲೆ ಗೊತ್ತುಂಟಾ ನಿನಗೆ?"

"ಗೊತ್ತುಂಟು. ಅದಕ್ಕೇ ನನ್ನದಾ ನಿಮ್ಮದಾ ಅಂತ ಮೊದಲು ಕೇಳಿದ್ದು."

ಇಡೀ ಕಾಸರಗೋಡು ಜಿಲ್ಲೆಯಲ್ಲಿ ನನ್ನನ್ನು ಹೀಗೆ ಮಾತಲ್ಲಿ ಕಟ್ಟಿಹಾಕಿದವರಿಲ್ಲ. ನಾನು ಹೊರಗೆ ಬಂದು ಆಚಾರಿಯನ್ನು ಕರೆಸಿದೆ.

ಮಾಧವ ಆಚಾರಿ ಎರಡು ಅಂಗಡಿ ಆಚೆ ಕೆಲಸ ಮಾಡುತ್ತಿದ್ದವರು. ಮೇಜನ್ನು ನೋಡಿ ಗರಗಸವನ್ನು ಕೆಳಗಿಟ್ಟರು. "ಇದನ್ನು ಕೊಯ್ಯುವುದಾ? ನನ್ನ ಕೈ ಬರುವುದಿಲ್ಲ ಧಣಿ."

"ನಿಮ್ಮ ಕೈ ಬರಲಿಕ್ಕೆ ಎಷ್ಟು ಕೊಡಬೇಕು?" ನೆಲದಿಂದ ವಾರಿಜಳ ಸ್ವರ ಬಂತು.

ಆಚಾರಿ ಬಗ್ಗಿ ನೋಡಿದರು. "ಎಂಬತ್ತು."

"ನಾಲ್ಕು ಕಾಲಿಗೆ ಎಂಬತ್ತಾ? ಕೆತ್ತನೆ ಮಾಡಲಿಕ್ಕೆ ಹೇಳಿದ್ದಲ್ಲ, ಕೊಯ್ಯಲಿಕ್ಕೆ ಹೇಳಿದ್ದು. ಐವತ್ತು."

ಅರುವತ್ತಕ್ಕೆ ಮುಗಿಯಿತು. ಚಹಾ ಬೇರೆ. ನಾನು ನಡುವೆ ಬಾಯಿ ಹಾಕಲಿಲ್ಲ, ಹಾಕುವ ಅಗತ್ಯವೂ ಬರಲಿಲ್ಲ.

ಆಚಾರಿ ಟೇಪು ತೆಗೆದರು. ವಾರಿಜ ಅದು ಬೇಡವೆಂದಳು. ತನ್ನ ಮಣೆಯ ಮೇಲೆ ನೆಟ್ಟಗೆ ಕೂತು, ಮೊಣಕೈ ಮಡಚಿ, ಅದು ಎಲ್ಲಿಗೆ ಬರುತ್ತದೋ ಮೇಜಿನ ಹಲಗೆ ಅಲ್ಲಿಗೆ ಬರಬೇಕೆಂದಳು. ಬೀಡಿ ಕಟ್ಟುವಾಗ ಮೊರ ಇಟ್ಟುಕೊಳ್ಳುವ ಎತ್ತರ ಅದು. ಆಚಾರಿ ಪೆನ್ಸಿಲಿನಲ್ಲಿ ಗುರುತು ಮಾಡಿ, ಮೇಜನ್ನು ಮಗುಚಿ ಹಾಕಿ ಗರಗಸ ಇಟ್ಟರು. ತೇಗದ ಪರಿಮಳ ಕೋಣೆಯಿಡೀ ತುಂಬಿತು. ಬಳ್ಳಿಯ ಕೆತ್ತನೆಯಿದ್ದ ಮೊದಲ ತುಂಡು ನೆಲಕ್ಕೆ ಬಿದ್ದಾಗ ನಾನು ಎದ್ದು ನಿಂತೆ.

"ಕಷ್ಟ ಆಗುವುದಾದರೆ ಹೊರಗೆ ಕೂತುಕೊಳ್ಳಿ ಧಣಿ," ಎಂದರು ಆಚಾರಿ. "ಹೆರಿಗೆ ಕೋಣೆಯಲ್ಲಿ ಗಂಡಸರಿಗೆ ಎಂತ ಕೆಲಸ?" ವಾರಿಜ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೂರು ಗಂಟೆಗೆ ಮೇಜು ಮತ್ತೆ ನೆಟ್ಟಗೆ ನಿಂತಿತು. ವಾರಿಜ ಕೈಯೂರಿ ಸರಿದು ಬಂದಳು, ಮಣೆಯ ಮೇಲೆ ತಾನೇ ಏರಿದಳು, ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು. ಬೆಳಿಗ್ಗೆಯಿಂದ ಅವಳ ಎರಡೂ ಕೈ ಒಟ್ಟಿಗೆ ಮೇಜಿನ ಮೇಲೆ ಕಂಡದ್ದು ಆಗಲೇ. ನನ್ನ ಟೆಂಪೋದಲ್ಲಿದ್ದ ಒಂದು ಗಿಡ್ಡ ಬೆಂಚನ್ನು ಗಿರಾಕಿಗಳಿಗೆಂದು ಎದುರಿಗೆ ಹಾಕಿದೆವು. "ಈಗ ನೀನು ಹೋಗಿ ಊಟ ಮಾಡು," ಎಂದಳು ತಮ್ಮನಿಗೆ. "ಊಟ ಮಾಡಿ ಎಂತ ಮಾಡಲಿ?" "ಕ್ರಿಕೆಟ್ ಆಡು." ಅವನೂ ಬದುಕಿದೆ ಎಂದು ಹೋದ. ನಾನೂ ಭಾವನೂ ರಸ್ತೆಯ ಆಚೆ ಬದಿಯ ಹೋಟೆಲಿನಲ್ಲಿ ಕೂತು ನೋಡುತ್ತಿದ್ದೆವು.

ಸ್ವಲ್ಪ ಹೊತ್ತಿಗೆ ನಫೀಸಾ ಬಂದಳು. ಒಳಗೆ ಇಣುಕಿ, ದಿನೇಶ ಇಲ್ಲದ್ದು ನೋಡಿ, ಬೆಂಚಿನಲ್ಲಿ ಕೂತಳು. ಇಬ್ಬರ ಮುಖವೂ ಒಂದೇ ಎತ್ತರದಲ್ಲಿತ್ತು. ಏನೋ ಹೇಳಿದಳು, ವಾರಿಜ ತಲೆಯಾಡಿಸಿ ನಂಬರು ಒತ್ತಿ ಕೊಟ್ಟಳು. ಗಾಜಿನ ಗೂಡಿನೊಳಗೆ ನಫೀಸಾ ತುಂಬ ಹೊತ್ತು ಮಾತಾಡಿದಳು, ಕಣ್ಣು ಒರಸಿಕೊಂಡಳು, ಹೊರಗೆ ಬಂದು ದುಡ್ಡನ್ನು ವಾರಿಜಳ ಕೈಗೇ ಕೊಟ್ಟಳು. ಆಮೇಲೂ ಹೋಗದೆ ಕೂತು ಮಾತಾಡಿದಳು. ಸಂಜೆಯಾಗುವಷ್ಟರಲ್ಲಿ ಅವಳೇ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು.

ಭಾವ ತಡೆಯಲಾರದೆ ಹೋಗಿ ಕೇಳಿದರು. "ನಫೀಸಾ, ಬೆಳಿಗ್ಗೆ ಬಂದು ಹಾಗೇ ಹೋದೆಯಲ್ಲ. ಎಂತ ಆಯಿತು?"

"ಎಂತ ಹೇಳುವುದು ಐತಪ್ಪಣ್ಣ," ಎಂದಳು ಅವಳು. "ಗಂಡನ ಹತ್ತಿರ ಮಾತಾಡುವುದು ಮನೆಯ ವಿಷಯ. ಗಂಡುಮಕ್ಕಳು ಕಿವಿ ಕೊಟ್ಟು ನಿಂತರೆ ಆಗುತ್ತದಾ? ಇಲ್ಲಿ ವಾರಿಜ ಕೂರುತ್ತಾಳೆ ಅಂತ ಗೊತ್ತಿದ್ದರೆ ನಾವು ಫೋನು ಮಾಡಲಿಕ್ಕೆ ಬಾಯಾರು ಪೇಟೆಯವರೆಗೆ ಹೋಗುವುದೇ ಇಲ್ಲ."

ನನಗೆ ತಲೆಯ ಮೇಲೆ ಪೆಟ್ಟು ಕೊಟ್ಟ ಹಾಗಾಯಿತು. ಇಷ್ಟು ವರ್ಷ ಗಿರಾಕಿಗಳ ಮುಖ ನೋಡಿ ಬದುಕಿದವನು ನಾನು. ಈ ಬೂತಿನ ಅರ್ಧ ಗಿರಾಕಿಗಳು ಹೆಂಗಸರು, ಅವರಿಗೆ ಬೇಕಾದದ್ದು ವಾರಿಜಳಂಥವಳೇ ಎಂಬುದು ನನಗೂ ಹೊಳೆದಿರಲಿಲ್ಲ. ದಯೆಗೆಂದು ನಾವು ಅವಳನ್ನು ಒಂದು ದಿನ ಕೂರಿಸಿದ್ದೆವು. ವ್ಯಾಪಾರಕ್ಕೇ ಅವಳು ಬೇಕಿತ್ತು.

ಬಾಗಿಲು ಹಾಕುವಾಗ ಭಾವ ಗಲ್ಲಾಪೆಟ್ಟಿಗೆಯ ಕೀಲಿಕೈ ತೆಗೆದು ಒಂದು ಗಳಿಗೆ ಕೈಯಲ್ಲಿ ಹಿಡಿದರು. ಮತ್ತೆ ಮಗಳ ಮುಂದೆ ಇಟ್ಟು, "ನಾಳೆ ಎಷ್ಟು ಗಂಟೆಗೆ ತೆರೀತಿ?" ಎಂದು ಕೇಳಿದರು.

"ಏಳಕ್ಕೆ. ನೀವು ನಿದ್ದೆ ಮಾಡಿ ಅಪ್ಪ," ಎಂದಳು ಅವಳು.

ಎಸ್‌ಟಿಡಿಯ ಕಾಲ ಹೋಗಿ ಮೊಬೈಲಿನ ರೀಚಾರ್ಜು, ಜೆರಾಕ್ಸು ಬಂದರೂ ವಾರಿಜ ಈಗಲೂ ಅದೇ ಮೇಜಿನ ಹಿಂದೆ, ಅದೇ ಮಣೆಯ ಮೇಲೆ ಕೂರುತ್ತಾಳೆ. ಕೊಯ್ದ ಆ ನಾಲ್ಕು ತುಂಡುಗಳನ್ನು ಆಚಾರಿ ಕೇಳಿದ್ದರು, ನಾನು ಕೊಡಲಿಲ್ಲ. ಉಪ್ಪಳದ ನನ್ನ ಅಂಗಡಿಯ ಕಪಾಟಿನ ಮೇಲೆ ಸಾಲಾಗಿ ಇಟ್ಟಿದ್ದೇನೆ. ಕೆತ್ತನೆ ನೋಡಿ ಗಿರಾಕಿಗಳು ಬೆಲೆ ಕೇಳುತ್ತಾರೆ. ನನ್ನ ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಸಾಮಾನು ಅದೊಂದೇ.

ಓದುವವರಿಗೆ ನಾನು ಹೇಳುವುದಿಷ್ಟು. ನಿಮ್ಮ ಮನೆಯಲ್ಲಿ ಇಂಥ ಮಗನೋ ಮಗಳೋ ಪ್ರಾಯಕ್ಕೆ ಬಂದಿದ್ದರೆ, ಅಗ್ಗಕ್ಕೆ ಸಿಕ್ಕಿತೆಂದು ಏನನ್ನೂ ತಂದು ಹಾಕಬೇಡಿ. ಮೊದಲು ಅವರು ಕೂರುವಲ್ಲಿ ಕೂತು ನೋಡಿ, ಅಳತೆ ಅವರಿಂದಲೇ ಕೇಳಿ. ಎತ್ತಿ ಕೂರಿಸಲು ಜನ ಹುಡುಕುವ ಬದಲು, ಅವರೇ ಏರಿ ಕೂರುವ ಹಾಗೆ ಮಾಡಲು ಬರುತ್ತದೋ ನೋಡಿ. ಹೆಚ್ಚಿನ ಸಲ ಅದಕ್ಕೆ ಖರ್ಚೂ ಕಡಿಮೆ. ಲೈಸೆನ್ಸು ಅವರ ಹೆಸರಿನಲ್ಲಿದ್ದರೆ ಕೀಲಿಕೈಯೂ ಅವರ ಹತ್ತಿರವೇ ಇರಲಿ. ನೀವು ಗಿರಾಕಿಯಾಗಿ ಹೋದರೆ, ಹಿಂದೆ ನಿಂತವರನ್ನಲ್ಲ, ಕೂತವರನ್ನು ಕೇಳಿ. ಮತ್ತೆ ಯಾವುದಾದರೂ ಮೇಜಿನ ಕಾಲು ಕೊಯ್ಯಿಸಬೇಕಾಗಿ ಬಂದರೆ ಹಿಂದೆಮುಂದೆ ನೋಡದೆ ಕೊಯ್ಯಿಸಿ. ಆಚಾರಿಯ ಹತ್ತಿರ ಕೂಲಿ ಮಾತಾಡುವುದನ್ನು ಮಾತ್ರ ಅವರಿಗೇ ಬಿಡಿ.