ಕಿಟಕಿಯ ಕೆಳಗಿನ ಕೆಂಡ

ಚಳಿ ಕಾಲು ಕೀಳುವುದನ್ನೇ ಕಾದಿದ್ದು, ಬಿಸಿಲು ಒಂದಿಷ್ಟು ಚುರುಕಾಯಿತೆಂದರೆ ಸಾಕು, ಕೆಂಡಣ್ಣ ಹಿತ್ತಲಿಗೆ ಇಳಿದುಬಿಡುತ್ತಿದ್ದ. ಕೆಂಡಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಕಟ್ಟಿದ್ದು. ಆಸಾಮಿ ಬಸ್ಸಿನ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ವೆಲ್ಡರ್. ವರ್ಷವಿಡೀ ಅಡುಗೆಮನೆಯಲ್ಲಿ ಒಂದು ಲೋಟ ನೀರು ಕಾಯಿಸಿಕೊಂಡವನಲ್ಲ. ಸಕ್ಕರೆ ಡಬ್ಬಿ ಯಾವುದು, ಉಪ್ಪಿನ ಡಬ್ಬಿ ಯಾವುದು ಎಂದು ಕೇಳಿದರೆ ಹೆಂಡತಿಯ ಮುಖ ನೋಡುವವನು. ಅಂಥವನು ಬೇಸಿಗೆಯ ಭಾನುವಾರ ಬಂತೆಂದರೆ ಲುಂಗಿ ಮೇಲೆತ್ತಿ ಕಟ್ಟಿ, ಕೈಯಲ್ಲಿ ಇಕ್ಕಳ ಹಿಡಿದು, ಇಡೀ ಓಣಿಗೆ ಊಟದ ಉಸ್ತುವಾರಿ ತನ್ನದೇ ಎಂಬಂತೆ ನಿಲ್ಲುತ್ತಿದ್ದ.

ಒಲೆಯನ್ನು ಅವನೇ ಮಾಡಿದ್ದ. ಎಣ್ಣೆಯ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ, ಕೆಳಗೆ ನಾಲ್ಕು ಕಾಲು ಬೆಸೆದು, ಮೇಲೆ ಕಬ್ಬಿಣದ ಜಾಲರಿ ಕೂರಿಸಿದ್ದ. ಇದ್ದಲು ಉರಿಯುತ್ತಿರುವಾಗ ಯಾರಾದರೂ ಮಾಂಸ ಇಡಲು ಹೋದರೆ ಕೈ ಮೇಲೆ ಏಟು ಬೀಳುತ್ತಿತ್ತು. ಉರಿ ಇಳಿಯಬೇಕು, ಕೆಂಡದ ಮೇಲೆ ಬೂದಿ ತೆಳ್ಳಗೆ ಕಟ್ಟಬೇಕು, ಆಮೇಲೆ ಮಾತು. ಒಂದು ಕಡೆ ಕೆಂಡ ರಾಶಿ, ಇನ್ನೊಂದು ಕಡೆ ಖಾಲಿ. ಮೊದಲು ಬಿಸಿ ಕಡೆ ಬಣ್ಣ ಬರಿಸಿ, ಆಮೇಲೆ ಖಾಲಿ ಕಡೆಗೆ ಸರಿಸಿ ನಿಧಾನಕ್ಕೆ ಬೇಯಿಸುವುದು. ಕೋಳಿಯಾಗಲಿ, ಮೀನಾಗಲಿ, ಜೋಳದ ತೆನೆಯಾಗಲಿ, ಎಲ್ಲಕ್ಕೂ ಇದೇ ಕಾನೂನು.

ಇನ್ನೊಂದು ಕಾನೂನಿತ್ತು, ಅದು ಬಾಯಿಯದ್ದು. ಒಲೆ ಮುಂದೆ ನಿಂತವನು ತಿನ್ನುವವರನ್ನು 'ಹೇಗಿದೆ' ಎಂದು ಕೇಳಕೂಡದು. ಕೇಳುವುದೆಂದರೆ ಹೊಗಳಿಕೆಗೆ ಭಿಕ್ಷಾಪಾತ್ರೆ ಹಿಡಿದಂತೆ ಎಂದು ಅವನ ಲೆಕ್ಕ. ತಿಂದವರೂ ಚೆನ್ನಾಗಿದೆ ಎಂದು ರಾಗ ಎಳೆಯಬೇಕಿಲ್ಲ. ಇಷ್ಟವಾದರೆ ತಟ್ಟೆಯನ್ನು ಎರಡನೇ ಸಲ ಚಾಚಬೇಕು, ಇಲ್ಲವಾದರೆ ಸುಮ್ಮನೆ ಎದ್ದು ಕೈ ತೊಳೆಯಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವನ ಹೆಂಡತಿ ಒಂದು ಭಾನುವಾರವೂ ಎರಡನೇ ಸಲ ತಟ್ಟೆ ಚಾಚದೆ ಎದ್ದವಳಲ್ಲ. ಹೊಲಿಗೆ ಯಂತ್ರದ ಮುಂದೆ ದಿನವೆಲ್ಲ ಕೂತು ಬೆನ್ನು ಬಿದ್ದುಹೋಗಿದ್ದರೂ ಆ ಒಂದು ಮಧ್ಯಾಹ್ನ ಒಲೆ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದಳು, ಸೀದ ಅಂಚುಗಳೇ ಬೇಕೆಂದು ಹುಡುಕಿ ತಿನ್ನುತ್ತಿದ್ದಳು. ಅವನಿಗೆ ಅಷ್ಟು ಸಾಕಾಗಿತ್ತು.

ಆ ವರ್ಷ ಚಳಿಗಾಲದಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಆಸ್ಪತ್ರೆಯಲ್ಲಿ ನರಕ್ಕೆ ಔಷಧಿ ಹರಿಸಿ ಹರಿಸಿ ಗಡ್ಡೆಯನ್ನು ಕುಗ್ಗಿಸಿದರು. ಬಿಸಿಲು ಶುರುವಾಗುವ ಹೊತ್ತಿಗೆ ಡಾಕ್ಟರಮ್ಮ ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದರು.

"ಎಂಟು ವಾರ ಬಿಟ್ಟು ಆಪರೇಷನ್ ಮಾಡೋಣ. ಈಗ ನಲವತ್ತೈದು ಕೆಜಿ ಇದಾರೆ. ನಲವತ್ತೆರಡಕ್ಕಿಂತ ಕೆಳಗೆ ಹೋದ್ರೆ ನಾನು ಚಾಕು ಮುಟ್ಟಲ್ಲ, ದೇಹ ತಡೆಯಲ್ಲ. ಏನಾದ್ರೂ ಮಾಡಿ, ಊಟ ಮಾಡಿಸಿ."

"ಏನು ಕೊಡ್ಲಿ ಮೇಡಂ?"

"ಏನು ಸೇರುತ್ತೋ ಅದು."

ಕೆಂಡಣ್ಣನಿಗೆ ಬೇರೆ ಹೇಳಬೇಕೇ? ಅವಳಿಗೆ ಏನು ಸೇರುತ್ತದೆಂದು ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ತನಗೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ಮನಸ್ಸಿನಲ್ಲಿ ಇದ್ದಲಿನ ಚೀಲ ಬಿಚ್ಚಿದ್ದ. ಮನೆಗೆ ಬಂದವನೇ ಹಿತ್ತಲಿನ ದೂರದ ಗೋಡೆಯ ಬಳಿ ಇದ್ದ ಡ್ರಮ್ಮನ್ನು ದರದರ ಎಳೆದುಕೊಂಡು ಬಂದು, ಅವಳು ಮಲಗುವ ಕೋಣೆಯ ಕಿಟಕಿಯ ಕೆಳಗೆ ಸರಿಯಾಗಿ ನಿಲ್ಲಿಸಿದ. ಘಮ ಒಳಗೆ ಹೋಗಲಿ, ಹಸಿವು ತಾನಾಗಿ ಎದ್ದು ಕೂರಲಿ ಎಂದು. ಪಾಪ, ಇದಕ್ಕಿಂತ ಒಳ್ಳೆಯ ಉಪಾಯ ಯಾವ ಡಾಕ್ಟರಿಗೂ ಹೊಳೆಯುವುದಿಲ್ಲ ಎಂದೇ ಅವನು ನಂಬಿದ್ದ.

ಇನ್ನು ಭಾನುವಾರ ಮಾತ್ರ ಎಂಬುದೇ ಹೋಯಿತು. ವರ್ಕ್‌ಶಾಪಿನಲ್ಲಿ ಬೆಳಗಿನ ಪಾಳಿ ಕೇಳಿ ಹಾಕಿಸಿಕೊಂಡ. ದಿನಾ ನಾಲ್ಕಕ್ಕೆ ಮನೆ, ನಾಲ್ಕೂಕಾಲಿಗೆ ಬೆಂಕಿ. ಕೋಳಿಯ ತೊಡೆ, ಮುಳ್ಳು ತೆಗೆದ ಮೀನು, ಗೆಣಸು, ಕುಂಬಳಕಾಯಿ ಹೋಳು, ಒಂದು ದಿನ ಇದ್ದದ್ದು ಇನ್ನೊಂದು ದಿನ ಇಲ್ಲ. ಹೆಂಡತಿ ಗೋಡೆ ಹಿಡಿದುಕೊಂಡು ಬಂದು ಮಣೆ ಮೇಲೆ ಕೂರುತ್ತಿದ್ದಳು. ಎರಡು ತುತ್ತು ನಿಧಾನಕ್ಕೆ ಅಗಿಯುತ್ತಿದ್ದಳು. ಆಮೇಲೆ ತಟ್ಟೆ ಚಾಚುತ್ತಿದ್ದಳು.

"ಇನ್ನೊಂದು ಹಾಕಿ ರೀ. ಒಳಗೆ ಹೋಗಿ ಮಲಗಿಕೊಂಡು ತಿಂತೀನಿ."

ಅವನ ಎದೆ ಅರಳುತ್ತಿತ್ತು. ಆದರೆ ಭಾನುವಾರ ಬೆಳಿಗ್ಗೆ ಮಗಳು ತೂಕದ ಯಂತ್ರ ತಂದಿಟ್ಟಾಗ ಆ ಎದೆಯೇ ಧಸಕ್ಕೆನ್ನುತ್ತಿತ್ತು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಲೆಕ್ಕದಲ್ಲಿ ಕಟ್ಟುನಿಟ್ಟು. ನಲವತ್ತನಾಲ್ಕೂಕಾಲು. ಮುಂದಿನ ವಾರ ನಲವತ್ತಮೂರೂವರೆ. ಅದರ ಮುಂದಿನ ವಾರ ನಲವತ್ತಮೂರು.

ತಿನ್ನುತ್ತಿದ್ದಾಳೆ, ಮೈಗೆ ಹತ್ತುತ್ತಿಲ್ಲ ಎಂದುಕೊಂಡ. ಹಾಗಾದರೆ ತಪ್ಪು ಇದ್ದಲಿನದ್ದು. ಇದ್ದಲು ಬದಲಾಯಿಸಿದ. ಅದೂ ಆಗದೆ ಹಣ್ಣಿನ ಮರದ ಒಣ ಸೌದೆ ಹುಡುಕಿ ತಂದು ಅದರ ಕೆಂಡ ಮಾಡಿದ. ಹೊಗೆ ಇನ್ನಷ್ಟು ಸಿಹಿಯಾಗಿ, ಇನ್ನಷ್ಟು ದಟ್ಟವಾಗಿ ಎದ್ದಿತು. ಆಮೇಲೆ ತಪ್ಪು ಮಾಂಸದವನ ಮೇಲೆ ಬಿತ್ತು.

"ಏನಪ್ಪಾ, ಮುದಿ ಕೋಳಿ ಕೊಟ್ಟು ನನ್ನ ಕೈಗೆ ಚಿಪ್ಪು ಕೊಡ್ಬೇಕು ಅಂತಿದೀಯಾ?"

"ಕೆಂಡಣ್ಣ, ನಿಮಗಂತ ಬೆಳಿಗ್ಗೆನೇ ಎತ್ತಿಟ್ಟಿರ್ತೀನಿ. ನನ್ನ ಮನೆಗೂ ಇಷ್ಟು ಎಳೇದು ಒಯ್ಯಲ್ಲ."

"ಹಾಗಾದ್ರೆ ಯಾಕೆ ಏರ್ತಿಲ್ಲ ತೂಕ?" ಎಂದು ಅಂಗಡಿಯ ತುಂಬ ಜನರ ಎದುರು ಕಿರುಚಿದ. ಮಾಂಸದವನು ಕತ್ತಿ ಕೆಳಗಿಟ್ಟು ಕೋಳಿಯನ್ನು ಅವನ ಕಡೆಗೆ ಸರಿಸಿದ. ಕೆಂಡಣ್ಣ ಅಲ್ಲೇ ಲುಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡು, ಅದೇ ಕೋಳಿ ತೆಗೆದುಕೊಂಡು ಮನೆಗೆ ಬಂದ.

ಐದನೇ ವಾರ ನಲವತ್ತೆರಡು. ಆರನೇ ವಾರ ನಲವತ್ತೊಂದೂವರೆ. ಅವನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆಯೂ ಒಮ್ಮೆ ಬೆಂಕಿ ಹಾಕಲು ಶುರು ಮಾಡಿದ. ಮಗಳು ಹಿತ್ತಲಿಗೆ ಬಂದು, ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಳು.

"ಅಪ್ಪ, ಸ್ವಲ್ಪ ದಿನ ಇದೆಲ್ಲ ನಿಲ್ಸಿ ನೋಡೋಣ್ವಾ?"

"ನಿಲ್ಸಿ? ತಿನ್ನೋದು ಇದೊಂದೇ, ಇದನ್ನೂ ನಿಲ್ಸಿ ಅವಳನ್ನ ಉಪವಾಸ ಕೆಡವ್ಲಾ?"

"ಅದಲ್ಲಪ್ಪ..."

"ಅವಳು ದಿನಾ ತಟ್ಟೆ ಚಾಚ್ತಾಳೆ. ನೀನು ನೋಡಿಲ್ವಾ?"

ಮಗಳು ನೋಡಿದ್ದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕೆಲಸಕ್ಕೆ ಹೋದಳು. ಕೇಳುವ ಮನುಷ್ಯನಾಗಿದ್ದರೆ ಅವನು ಅವತ್ತೇ ಅವಳನ್ನು ನಿಲ್ಲಿಸಿ ಕೇಳುತ್ತಿದ್ದ. ಆದರೆ ಕೇಳುವುದನ್ನೇ ಅವಮಾನವೆಂದು ಹೆಂಡತಿ ಮಗಳಿಬ್ಬರಿಗೂ ಕಲಿಸಿ ಕೂರಿಸಿದ್ದವನು ಅವನೇ ತಾನೆ.

ಏಳನೇ ವಾರ ನಲವತ್ತು ಕೆಜಿ ಎಂಟುನೂರು ಗ್ರಾಂ. ಅದಾದ ಮರುದಿನ ವರ್ಕ್‌ಶಾಪಿನಲ್ಲಿ ಕರೆಂಟು ಹೋಯಿತು. ಕರೆಂಟಿಲ್ಲದೆ ವೆಲ್ಡಿಂಗ್ ಎಲ್ಲಿಯದು? ಮಧ್ಯಾಹ್ನ ಒಂದೂವರೆಗೇ ಎಲ್ಲರನ್ನೂ ಬಿಟ್ಟರು. ಕೆಂಡಣ್ಣ ಮನೆಗೆ ಬಂದು ಚಪ್ಪಲಿ ಬಿಟ್ಟು ಅಡುಗೆಮನೆಗೆ ಕಾಲಿಟ್ಟರೆ, ಹೆಂಡತಿ ಕಟ್ಟೆಗೆ ಒರಗಿ ನಿಂತು ಬಟ್ಟಲಿನಿಂದ ಗಬಗಬ ತಿನ್ನುತ್ತಿದ್ದಾಳೆ. ತಣ್ಣನೆಯ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಅವನನ್ನು ಕಂಡವಳೇ ಬಟ್ಟಲನ್ನು ಸೆರಗಿನ ಮರೆಗೆ ಎಳೆದುಕೊಂಡಳು. ಯಾರದೋ ಮನೆಯಲ್ಲಿ ಕದ್ದು ತಿನ್ನುವ ಹಾಗೆ ತನ್ನದೇ ಅಡುಗೆಮನೆಯಲ್ಲಿ ನಿಂತಿದ್ದಾಳಲ್ಲ ಎಂದು ಅವನಿಗೆ ಅನ್ನಿಸಿತು.

"ನಿಂಗೆ ಹಸಿವಾಗುತ್ತಾ?" ಎಂದ.

"ಈ ಹೊತ್ತಿಗೆ ಆಗುತ್ತೆ. ವಾಸನೆ ಸ್ವಲ್ಪ ಇಳಿದಿರುತ್ತಲ್ಲ."

"ಯಾವ ವಾಸನೆ?"

ಅವಳು ಒಳಗಿನ ಬಾಗಿಲ ಕಡೆ ನೋಡಿದಳು. ಅವನು ಮಲಗುವ ಕೋಣೆಗೆ ಹೋದ. ಕಿಟಕಿ ಮುಚ್ಚಿತ್ತು. ಸಂದುಗಳಿಗೆಲ್ಲ ಒದ್ದೆ ಬಟ್ಟೆ ಸುತ್ತಿ ಸುತ್ತಿ ತುರುಕಿತ್ತು. ಅವಳ ಹಳೆಯ ಸೀರೆಯ ಚೂರುಗಳು, ಹೊಲಿಗೆಯಲ್ಲಿ ಉಳಿದ ತುಂಡುಗಳು. ಪರದೆ ಎತ್ತಿ ಮೂಗಿಗೆ ಹಿಡಿದ. ದಿಂಬು ಎತ್ತಿ ಹಿಡಿದ. ಏಳು ವಾರದ ಹೊಗೆ ಅಷ್ಟೂ ಅದರಲ್ಲಿ ಕೂತಿತ್ತು. ದಿನವೆಲ್ಲ ಹೊಗೆಯಲ್ಲೇ ಬೇಯುವ ಅವನ ಮೂಗಿಗೆ ಇಷ್ಟು ದಿನ ಅದು ತಿಳಿದೇ ಇರಲಿಲ್ಲ.

ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು.

"ಔಷಧಿ ಹಾಕಿದ ಮೇಲೆ ಹೀಗಾಗಿದೆ ರೀ. ಹೊಗೆ ಅಂದ್ರೆ ಹೊಟ್ಟೆ ತೊಳಸುತ್ತೆ. ಮಲಗಿದ್ರೂ ಅದೇ, ಎದ್ರೂ ಅದೇ. ನೀರು ಕುಡಿದ್ರೂ ಆಚೆ ಬರುತ್ತೆ."

"ಮತ್ತೆ ತಟ್ಟೆ ಚಾಚ್ತಿದ್ಯಲ್ಲೇ!"

"ಚಾಚದೇ ಇದ್ರೆ ನಿಮ್ಮ ಮುಖ ನೋಡೋಕಾಗ್ತಿರ್ಲಿಲ್ಲ."

"ಅದೆಲ್ಲ ಏನು ಮಾಡ್ತಿದ್ದೆ?"

"ಮಗಳ ಡಬ್ಬಿಗೆ ಹಾಕಿ ಕಳಿಸ್ತಿದ್ದೆ. ಅವಳನ್ನ ಬೈಬೇಡಿ, ನಾನೇ ಆಣೆ ಹಾಕಿಸ್ಕೊಂಡಿದ್ದೆ."

ಅವನು ಮಂಚದ ಅಂಚಿಗೆ ಕುಸಿದು ಕೂತ. ಬೈಯಬೇಕೆಂದರೆ ಯಾರನ್ನು ಬೈಯುವುದು? ಎರಡು ಕೈಯಲ್ಲೂ ತಲೆ ಚಚ್ಚಿಕೊಂಡು, "ಒಂದು ಮಾತು ಹೇಳ್ಬಾರ್ದಿತ್ತಾ, ಒಂದೇ ಒಂದು ಮಾತು" ಎಂದು ಗೋಗರೆದ. ಹೇಳಿದ್ದರೆ ತಾನು ಏನು ಮಾಡುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ಇಕ್ಕಳ ಬಿಸಾಡಿ, ಮೂರು ದಿನ ಮಾತು ಬಿಟ್ಟು ಕೂರುತ್ತಿದ್ದ. ಅದು ಅವಳಿಗೂ ಗೊತ್ತಿತ್ತು.

ಉಳಿದದ್ದು ಎಂಟು ದಿನ. ಅವತ್ತೇ ಡ್ರಮ್ಮನ್ನು ಗುಜರಿಯವನ ಗಾಡಿಗೆ ಹತ್ತಿಸಿದ. ಗುಜರಿಯವನು "ಗಟ್ಟಿ ಕೆಲಸ, ಯಾರು ಮಾಡಿದ್ದಣ್ಣ?" ಎಂದದ್ದಕ್ಕೆ ತಿರುಗಿಯೂ ನೋಡಲಿಲ್ಲ. ಅಪ್ಪ ಮಗಳು ಸೇರಿ ಪರದೆ, ಹಾಸಿಗೆ, ದಿಂಬಿನ ಚೀಲ ಎಲ್ಲವನ್ನೂ ಒಗೆದರು. ದಿಂಬಿನ ಹತ್ತಿಯನ್ನೇ ಬದಲಾಯಿಸಿದರು. ಕಿಟಕಿಯ ಹೊರಗಿನ ಗೋಡೆ ಆಳೆತ್ತರಕ್ಕೆ ಕಪ್ಪಾಗಿತ್ತು, ಅವನು ಕೂತು ಉಜ್ಜಿ ಉಜ್ಜಿ ಬೆರಳ ಗಂಟಿನ ಚರ್ಮ ಕಿತ್ತುಕೊಂಡ. ವರ್ಕ್‌ಶಾಪಿನಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಬರುತ್ತಿದ್ದ, ಆದರೂ ಧೈರ್ಯ ಸಾಲದೆ ಹೊಸಿಲಿನ ಆಚೆಯೇ ನಿಂತು, "ಒಳಗೆ ಬರ್ಲಾ? ವಾಸನೆ ಬರುತ್ತಾ?" ಎಂದು ಕೇಳುತ್ತಿದ್ದ. ಜನ್ಮದಲ್ಲಿ ಏನನ್ನೂ ಕೇಳದವನು ಈಗ ಎಲ್ಲದಕ್ಕೂ ಕೇಳತೊಡಗಿದ. ಹಾಲು ತಣ್ಣಗಿದೆಯಾ? ಇನ್ನೆರಡು ಚಮಚ? ಬಾಳೆಹಣ್ಣು ಕಿವುಚಲಾ? ಅವಳು ತಿಂದಳು, ಅರ್ಧ ಬಟ್ಟಲು, ಮುಕ್ಕಾಲು ಬಟ್ಟಲು. ಇನ್ನೊಂದು ವಾರ ಇದ್ದಿದ್ದರೆ, ಬರೀ ಒಂದೇ ಒಂದು ವಾರ ಇದ್ದಿದ್ದರೆ ಎಂದು ಅವನು ವರ್ಕ್‌ಶಾಪಿನ ಲೇತ್ ಯಂತ್ರದ ಸದ್ದಿನ ಮರೆಯಲ್ಲಿ ಗಟ್ಟಿಯಾಗಿಯೇ ಅಳುತ್ತಿದ್ದ.

ಆಸ್ಪತ್ರೆಯ ತೂಕದ ಯಂತ್ರದ ಮೇಲೆ ಅವಳು ಬರಿಗಾಲಲ್ಲಿ ನಿಂತಳು. ನಲವತ್ತೊಂದೂವರೆ. ಕೆಂಡಣ್ಣ ಬಗ್ಗಿ ನೋಡಿದ, ಇನ್ನೊಂದು ಪಕ್ಕಕ್ಕೆ ಬಂದು ನೋಡಿದ. "ಇಳಿದು ಇನ್ನೊಂದ್ಸಲ ಹತ್ತು" ಎಂದ. ಅವಳು ಇಳಿದು ಹತ್ತಿದಳು. ಮತ್ತೆ ಅಷ್ಟೇ.

ಡಾಕ್ಟರಮ್ಮ ಮಗಳು ಬರೆದು ಕೊಟ್ಟಿದ್ದ ಚೀಟಿಯನ್ನೂ ಯಂತ್ರವನ್ನೂ ನೋಡಿದರು.

"ಒಂದು ವಾರದಲ್ಲಿ ಏಳುನೂರು ಗ್ರಾಂ ಏರಿದೀರಲ್ಲ! ಏನು ಮಾಡಿದ್ರಿ? ಇದನ್ನೇ ಮೊದಲಿಂದ ಮಾಡಿದ್ರೆ ಇವತ್ತೇ ಅಡ್ಮಿಟ್ ಮಾಡ್ಕೊತಿದ್ದೆ."

"ಇವರೇ ಮೇಡಂ," ಎಂದಳು ಅವಳು ಥಟ್ಟನೆ. "ಮೊದಲಿಂದಲೂ ಇವರೇ ನನ್ನ ಊಟ ನೋಡ್ಕೊಂಡಿದ್ದು. ನನ್ನ ಮೈಗೇ ಹತ್ತುತ್ತಿರ್ಲಿಲ್ಲ."

"ಸುಳ್ಳು ಮೇಡಂ." ಕೆಂಡಣ್ಣನ ದನಿ ಇಡೀ ಕೋಣೆಗೆ ಕೇಳಿಸಿತು. ಅವಳು ಹಿಂದಿನಿಂದ ಅಂಗಿ ಜಗ್ಗಿದಳು, ಅವನು ಬಿಡಲಿಲ್ಲ. "ಏಳು ವಾರ ಇವಳನ್ನ ಊಟ ಮಾಡೋಕೆ ಬಿಡದೇ ಇದ್ದವನು ನಾನು. ಇವಳ ಮೂಗಿಗೆ ಹೊಗೆ ಹಾಕ್ತಾ ಕೂತಿದ್ದೆ. ಆ ಅರ್ಧ ಕೆಜಿ ನಾನು ತಿಂದಿದ್ದು. ಬೇಕಾದ್ರೆ ನನ್ನ ಮೈಯಿಂದ ಕೊಯ್ದು ಇವಳಿಗೆ ಸೇರಿಸಿ ಮೇಡಂ, ಆಪರೇಷನ್ ಮಾತ್ರ ಮುಂದಕ್ಕೆ ಹಾಕ್ಬೇಡಿ."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು. ಆಪರೇಷನ್ನಿಗೆ ಮೂರು ವಾರದ ಮುಂದಿನ ತಾರೀಖು ಬರೆದರು.

"ಅಷ್ಟು ದಿನ ಗಡ್ಡೆ ಸುಮ್ಮನಿರುತ್ತಾ?" ಎಂದು ಅವನು ಕೇಳಿದ.

"ಹೇಳೋಕಾಗಲ್ಲ," ಎಂದರು ಅವರು. "ಇರ್ಲಿ ಅಂದ್ಕೊಳ್ಳೋಣ."

ಹೆಂಡತಿ ಯಂತ್ರದ ಪಕ್ಕ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಲು ಅವನ ಭುಜ ಹಿಡಿದುಕೊಂಡಳು. ಇಡೀ ಮೈಯನ್ನು ಅವನ ಮೇಲೆ ಬಿಟ್ಟು ಒಂಟಿ ಕಾಲಲ್ಲಿ ನಿಂತಳು. ಅವನ ಭುಜಕ್ಕೆ ಭಾರವೇ ಗೊತ್ತಾಗಲಿಲ್ಲ.