ಎದುರು ಹೋಟೆಲಿನವರ ಗೋದಾಮು

ನೌಪಾಡಾದಲ್ಲಿ ನನ್ನ ಹೋಟೆಲಿನ ಎದುರಿಗೇ ಇನ್ನೊಬ್ಬರ ಹೋಟೆಲು. ಇಬ್ಬರೂ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದವರೇ. ನಾನು ಗೋದಾಮು ಬಾಡಿಗೆಗೆ ಹಿಡಿದು ಅಕ್ಕಿ, ಉದ್ದು, ಎಣ್ಣೆ ತುಂಬಿಸಿಡುತ್ತಿದ್ದೆ. ಅವರು ಅಂದಂದಿನ ಸಾಮಾನು ಅಂದೇ ತರಿಸಿ, ಮುಗಿದೊಡನೆ ಹೆಗಲ ಟವೆಲು ಕೊಡವಿ, "ಖಾಲಿ ಆಯ್ತು ಮಾರಾಯ್ರೆ, ನಾಳೆ ಬನ್ನಿ" ಎಂದು ಗಿರಾಕಿಗಳನ್ನು ಕಳಿಸುತ್ತಿದ್ದರು. ಹಾಗೆ ವಾಪಸಾದವರಾದರೂ ನನ್ನಲ್ಲಿಗೆ ಬರಬೇಕಲ್ಲ? ಇಲ್ಲ, ಮರುದಿನ ಬೇಗನೆ ಬಂದು ಅಲ್ಲೇ ಸಾಲು ನಿಲ್ಲುತ್ತಿದ್ದರು. ನಾನು ಉದ್ದಿನಲ್ಲಿ ಹುಳ ಆರಿಸುತ್ತ, ಆ ಸಾಲು ನೋಡುತ್ತ, ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಒಂದು ಸಲ ಲಾರಿ ಮುಷ್ಕರವಾಗಿ ಮಾರುಕಟ್ಟೆಗೆ ಮಾಲೇ ಬರಲಿಲ್ಲ. ಈಗ ಗೊತ್ತಾಗುತ್ತದೆ ಇವರಿಗೆ ಎಂದು ಒಳಗೊಳಗೇ ಹಿಗ್ಗಿದೆ. ಬೆಳಿಗ್ಗೆಯೇ ಅವರು ರಸ್ತೆ ದಾಟಿ ಬಂದರು.

"ನಿಮ್ಮಲ್ಲಿ ಅಕ್ಕಿ, ಉದ್ದು ಉಂಟಲ್ಲ, ಸ್ವಲ್ಪ ಕೊಡಿ. ಲಾರಿ ಬಂದ ಕೂಡ್ಲೇ ಹೊಸ ಮಾಲು ವಾಪಸ್ ಕೊಡ್ತೇನೆ."

ಊರಿನವರಿಗೆ ಇಲ್ಲವೆನ್ನುವುದು ಹೇಗೆ? ಕೊಟ್ಟೆ. ನಾನು ಹುಳ ಆರಿಸಿಟ್ಟ ಉದ್ದಿನ ಇಡ್ಲಿಗೆ ಮರುದಿನ ಅವರ ಬಾಗಿಲಲ್ಲಿ ಸಾಲು!

ಹತ್ತಿರದ ಮಾಜಿವಾಡಾದಲ್ಲಿ ಅವರು ಎರಡನೇ ಹೋಟೆಲು ತೆರೆದಾಗ ಪೂಜೆಗೆ ಹೋಗಿದ್ದೆ. ಅಡುಗೆಮನೆಯ ಹಿಂದೆಲ್ಲ ಕಣ್ಣಾಡಿಸಿ, "ಇಲ್ಲೂ ಗೋದಾಮು ಇಲ್ವಾ?" ಎಂದು ಕೇಳಿದೆ.

ಅವರು ಟವೆಲು ಕೊಡವಿ ನಕ್ಕರು. "ಗೋದಾಮು ಎಂತಕ್ಕೆ ಮಾರಾಯ್ರೆ? ನೀವಿದ್ದೀರಲ್ಲ!"